ಕಾಕಾನ ಪದ, ಸಿನಿಮಾದ ಧಾಟಿ

ನಮ್ಮ ಕಡೆಯ ಭಜನಾ ಪದಗಳ ಪುಸ್ತಕ ತೆರೆದರೆ ಪ್ರತಿ ಪದದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಧಾಟಿ’ ಎಂದು ಬರೆದು, ಮುಂದೆ ಯಾವುದಾದರೂ ಸಿನಿಮಾ ಹಾಡಿನ ಮೊದಲ ಸಾಲು ಕೊಟ್ಟಿರುತ್ತಾರೆ. ಮಾತು ನಮ್ಮದು, ರಾಗ ಆ ಹಾಡಿನದು ಎಂದು ಅರ್ಥ. ಹಾಡುವವರಿಗೆ ಅಷ್ಟು ಸಾಕು. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಒಕ್ಕಲುತನ ಮಾಡುವ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಹೀಗೆ ಕಟ್ಟಿದ ಪದಗಳು ಬಹಳ.

ಕಾಕಾನಿಗೆ ಉಸಿರು ಹಿಡಿಯುವುದು ಕಷ್ಟವಾಗತೊಡಗಿದಾಗ ಅವನ ಮಗಳು ಆ ಪದಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿನ ವಿಡಿಯೊ ತಾಣದಲ್ಲಿ ಒಂದು ಚಾನೆಲ್ ಶುರು ಮಾಡಿದಳು. ನನಗೆ ತಂಗಿಯಾಗಬೇಕಾದ ಅವಳನ್ನು ಅಫಜಲಪುರಕ್ಕೆ ಕೊಟ್ಟಿದೆ. ಈಗ ಕಾಕಾ ಎರಡು ಸಾಲು ಹಾಡಿದರೆ ಮೂರನೆಯದಕ್ಕೆ ಕೆಮ್ಮುತ್ತಾನೆ. ಸುತ್ತಲಿನ ಹಳ್ಳಿಗಳ ಭಜನೆಯವರು ಫೋನನ್ನು ನಡುವೆ ಇಟ್ಟುಕೊಂಡು, ತಾಳ ಹಿಡಿದು, ಆ ಚಾನೆಲ್ಲಿನಿಂದಲೇ ಪದ ಕಲಿಯುತ್ತಾರೆ. ಕಾಕಾನ ಹಾಡಿಗೆ ಉಳಿದಿದ್ದ ಬಾಯಿ ಅದೊಂದೇ.

ಜೇವರ್ಗಿಯ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ತಂಗಿಯ ಫೋನು ಬಂತು.

“ಅಣ್ಣಾ, ಇನ್ನೊಂದ್ ನೋಟಿಸ್ ಬಂದದ. ಎರಡು ಪದ ಮೊದ್ಲೇ ತಗದ್ ಒಗದಾರ. ಮೂರನೇದೂ ಆದ್ರ ಚಾನೆಲ್ಲೇ ಹೋಗ್ತದಂತ. ಓದಿದಾಂವ ಇದ್ದಿ, ಬಂದು ನೋಡು.”

ನಾನು ಹೋದದ್ದು ಭಾನುವಾರವೆಂದು ನೆನಪು. ಬೇರೆ ರಜೆಯೂ ಇದ್ದಿರಬಹುದು. ಕಾಕಾ ಮಗಳ ಮನೆಗೆ ಮೊದಲೇ ಬಂದು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ.

“ಬಾರಲೇ ಪ್ರೊಫೆಸರ್. ನಿಮ್ಮ ಕಾಕಾ ವಯಸ್ಸಾದ ಮ್ಯಾಲ ಕಳ್ಳ ಆಗ್ಯಾನ ನೋಡು.”

“ನಗಬ್ಯಾಡ ಅಪ್ಪಾ,” ಎಂದಳು ತಂಗಿ. “ಎಲ್ಲಾ ಪದ ಹೋದ್ರ ಯಾರ್ ಹಾಡಿ ತೋರಸ್ತಾರ? ನೀನೇನು?”

ನೋಟಿಸು ಕಳಿಸಿದ್ದು ಹಳೆಯ ಸಿನಿಮಾ ಹಾಡುಗಳ ಹಕ್ಕು ಕೊಂಡಿದ್ದ ಒಂದು ಸಂಗೀತ ಕಂಪನಿ. ಒಂದು ವಾರದೊಳಗೆ ನಾವೇ ಆ ಪದವನ್ನು ಅಳಿಸಿದರೆ ಚಾನೆಲ್ ಉಳಿಯುತ್ತದೆ. ಇಲ್ಲದಿದ್ದರೆ ಕಂಪನಿಯೇ ತೆಗೆಸುತ್ತದೆ, ಅದರೊಂದಿಗೆ ಎಲ್ಲವೂ ಹೋಗುತ್ತದೆ. ಉಳಿದ ಪದಗಳ ಪ್ರತಿಯನ್ನು ಒಂದು ಪೆನ್‌ಡ್ರೈವ್‌ಗೆ ಇಳಿಸಿಕೊಂಡೆವು. ಆದರೆ ಕಪಾಟಿನಲ್ಲಿ ಇಟ್ಟ ಪೆನ್‌ಡ್ರೈವ್‌ನಿಂದ ಯಾವ ಊರಿನವರು ಪದ ಕಲಿಯುತ್ತಾರೆ?

ಚಾನೆಲ್ ನೋಡುತ್ತ ಹೋದಂತೆ ನನಗೆ ನಗು ಬಂತು. ಪ್ರತಿ ವಿಡಿಯೊದ ಶೀರ್ಷಿಕೆಯಲ್ಲಿ ತಂಗಿ ಪುಸ್ತಕದಲ್ಲಿದ್ದ ಹಾಗೆಯೇ ಧಾಟಿ ಬರೆದಿದ್ದಳು. ಸಿನಿಮಾದ ಹೆಸರು, ಹಾಡಿನ ಮೊದಲ ಸಾಲು, ಎಲ್ಲವೂ ಇದ್ದವು.

“ಇದನ್ಯಾಕ ಬರದಿ? ಕಂಪನಿಯವ್ರಿಗೆ ನೀನೇ ಮನಿ ದಾರಿ ತೋರ್ಸಿದಂಗಾತು.”

ಉತ್ತರ ಕಾಕಾ ಕೊಟ್ಟ. “ಮತ್ತ ಬರೀಬಾರ್ದೇನು? ಯಾರ ಧಾಟಿ ಅಂತ ಹೇಳ್ದೆ ಹಾಡಿದ್ರ ಅದಕ್ಕ ಕಳವು ಅಂತಾರ. ನಾವು ಹೇಳೇ ಹಾಡೇವಿ. ಹೇಳಿ ತಗೊಂಡಿದ್ದು ಹ್ಯಾಂಗ ಕಳವಾಗ್ತದಲೇ?”

ಹೇಳುವುದು ಬೇರೆ, ಅನುಮತಿ ಪಡೆಯುವುದು ಬೇರೆ ಎಂದು ವಿವರಿಸಿದೆ. ತರಗತಿಯಲ್ಲಿ ಚೆನ್ನಾಗಿ ಕೇಳಿಸುವ ಮಾತು ಪಡಸಾಲೆಯಲ್ಲಿ ಪೊಳ್ಳಾಗಿ ಕೇಳಿಸಿತು. ತಂಗಿ ಬರೆದ ಸಾಲನ್ನು ಯಾರೋ ಹುಡುಕಿ ಹಿಡಿದರೋ, ಹಾರ್ಮೋನಿಯಂ ಸ್ವರವನ್ನು ಯಂತ್ರವೇ ಗುರುತಿಸಿತೋ, ನನಗೆ ಇವತ್ತಿಗೂ ತಿಳಿಯದು. ಆ ತಾಣದಲ್ಲಿ ಕೇಳೋಣವೆಂದರೆ ಮನುಷ್ಯರೇ ಸಿಗುವುದಿಲ್ಲ.

ಕಂಪನಿ ಈಗ ಹಿಡಿದಿದ್ದ ಪದ ತೊಟ್ಟಿಲ ಕೂಸಿನ ಮೇಲೆ ಕಟ್ಟಿದ್ದು. ತಂಗಿ ಅದನ್ನು ಫೋನಿನಲ್ಲಿ ಹಚ್ಚಿದಾಗ ನಾನು ನೆಟ್ಟಗೆ ಕುಳಿತೆ. ಬೀಸುಕಲ್ಲಿನ ಮುಂದೆ ಕುಳಿತು ನನ್ನ ಅವ್ವ ಇದೇ ಧಾಟಿಯಲ್ಲಿ ಹಾಡುತ್ತಿದ್ದಳು. ಕಲ್ಲಿನ ಗೂಟ ಹಿಡಿದ ಅವಳ ಕೈ, ಬಳೆಗೆ ಹತ್ತಿದ ಜೋಳದ ಹಿಟ್ಟು ಕಣ್ಣ ಮುಂದೆ ಬಂದವು. ಹಾಗಾದರೆ ಧಾಟಿ ನಮ್ಮ ಹಳ್ಳಿಗಳದು, ಕದ್ದವರು ಸಿನಿಮಾದವರು! ಆಕ್ಷೇಪಣೆ ಕಳಿಸೋಣವೆಂದು ಉತ್ಸಾಹದಿಂದ ಬರೆಯತೊಡಗಿದೆ. ಜನರ ಹಾಡಿಗೆ ಬೇಲಿ ಹಾಕುವ ಹಕ್ಕು ಯಾರಿಗೂ ಇಲ್ಲವೆಂದು ಎರಡು ಪ್ಯಾರಾ ಆಯಿತು.

ಆಕ್ಷೇಪಣೆಯ ನಮೂನೆಯ ಕೊನೆಯಲ್ಲಿ ಒಂದು ಪ್ರಮಾಣವಿತ್ತು. ಮೇಲೆ ಹೇಳಿದ್ದೆಲ್ಲ ನಿಜ, ಕಂಪನಿ ದಾವೆ ಹೂಡಿದರೆ ಕೋರ್ಟಿಗೆ ಹಾಜರಾಗುತ್ತೇನೆ, ಇದು ನನ್ನ ಹೆಸರು, ಇದು ನನ್ನ ವಿಳಾಸ. ಚಾನೆಲ್ ತಂಗಿಯ ಹೆಸರಿನಲ್ಲಿತ್ತು. ನೆನಪು ನನ್ನದು, ಪ್ರಮಾಣ ಮಾಡಬೇಕಾದವಳು ಅವಳು.

ನನ್ನ ಬೆರಳು ನಿಂತಿತು. ಆ ಸಿನಿಮಾ ಬಂದದ್ದು ನಾನು ಹುಟ್ಟುವುದಕ್ಕಿಂತ ಮುಂಚೆ. ಅವ್ವ ರೇಡಿಯೊ ಕೇಳುತ್ತಿದ್ದಳು. ಇನ್ನೂ ಯೋಚಿಸಿದರೆ, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಹಾಗಿದ್ದರೆ ಅವ್ವ ಬೀಸುವುದನ್ನು ನಾನು ನೋಡಿದ್ದಾದರೂ ಯಾವಾಗ?

“ಕಾಕಾ, ಅವ್ವ ಈ ಧಾಟಿ ಹಾಡ್ತಿದ್ಲಲ್ಲ?”

“ಹೌದಲಾ, ವೈನಿ ಹಾಡ್ತಿದ್ಲು.”

“ಸಿನಿಮಾ ಬರೂಕಿಂತ ಮೊದ್ಲೋ, ಆಮ್ಯಾಲೋ?”

ಕಾಕಾ ಮೇಲೆ ನೋಡಿದ. “ಮೊದ್ಲೇ ಇರ್ಬೇಕು. ನೀ ಹೇಳಿದ ಮ್ಯಾಲ ನನಗೂ ಹಂಗೇ ಅನಸಾಕತ್ತದ. ಆಳಂದಕ್ಕ ಟೆಂಟ್ ಟಾಕೀಸ್ ಬಂದಾಗ ಬಂಡಿ ಕಟ್ಕೊಂಡು ಮನಿ ಮಂದಿಯೆಲ್ಲಾ ಹೋಗಿದ್ವಿ. ಅದೇ ಸಿನಿಮಾನೋ, ಬ್ಯಾರೇದೋ.”

ತಂಗಿ ಸೊಂಟದ ಮೇಲೆ ಕೈ ಇಟ್ಟಳು. “ಇಬ್ರೂ ಕೂಡಿ ನನ್ನ ಕೋರ್ಟಿಗೆ ಕಳಸ್ರಿ. ಜಡ್ಜ್ ಸಾಹೇಬ್ರ ಮುಂದ ಏನ್ ಹೇಳ್ಲಿ? ನಮ್ಮ ಅಣ್ಣಗ ಹಂಗ ಅನಸ್ತದ್ರೀ, ಅಪ್ಪಗ ಅಣ್ಣ ಹೇಳಿದ ಮ್ಯಾಲ ಅನಸ್ತದ್ರೀ ಅಂತ ಹೇಳ್ಲಿ?”

ಕಾಕಾ ನಕ್ಕು ಕೆಮ್ಮಿದ. ನಾನೂ ನಕ್ಕೆ, ಆದರೆ ಒಳಗೆ ಕುದಿಯುತ್ತಿದ್ದೆ. ಕಂಪನಿಯ ಬಳಿ ವರ್ಷ ಬರೆದಿಟ್ಟ ರೆಕಾರ್ಡು ಇದೆ. ಅವ್ವನ ಹಾಡಿಗೆ ವರ್ಷವಿಲ್ಲ, ಸಾಕ್ಷಿಯಿಲ್ಲ. ಇದ್ದ ಒಬ್ಬ ಸಾಕ್ಷಿ ನಾನು, ನನಗೂ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಧಾಟಿ ಹೊಸದೆಂದು ಅವರು ತೋರಿಸಬೇಕಿಲ್ಲ, ಹಳೆಯದೆಂದು ನಾವು ತೋರಿಸಬೇಕು. ಪ್ರತಿ ನೆನಪನ್ನೂ ಅನುಮಾನಿಸು ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ಅನುಮಾನಿಸಲು ಬರದ ಯಂತ್ರದ ಎದುರು ಆ ವಿದ್ಯೆ ಯಾವ ಕೆಲಸಕ್ಕೂ ಬರಲಿಲ್ಲ.

ಆದರೂ ಬಿಡಬಾರದು, ಒಬ್ಬರಾದರೂ ಎದುರು ನಿಲ್ಲಬೇಕು ಎಂದೆ.

“ನಿಲ್ಲೂದು ಅಕಿ,” ಎಂದ ಕಾಕಾ, ಮಗಳ ಕಡೆ ನೋಡುತ್ತ. “ನೀ ಸಂಜಿ ಬಸ್ಸಿಗೆ ಜೇವರ್ಗಿಗೆ ಹೋಗ್ತಿ. ಒಂದರ ಸಲುವಾಗಿ ಎಲ್ಲಾ ಕಳಕೊಳ್ಳೂದು ಬ್ಯಾಡ. ತಗದ್ ಬಿಡವ್ವಾ ಅದನ್ನ.”

ತಂಗಿ ಅಳಿಸಲು ಹೋಗಿ, ಒಮ್ಮೆ ಪೂರ್ತಿ ಹಚ್ಚಿದಳು. ಕಾಕಾ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದ. ಎರಡನೇ ನುಡಿಯಲ್ಲಿ ಹಿಮ್ಮೇಳದವರು ತಡವಾಗಿ ಎತ್ತಿದ್ದಕ್ಕೆ ಬೈದ. ಮುಗಿದ ಮೇಲೆ ಅವಳು ಒತ್ತಿದಳು. ಖಚಿತವೇ ಎಂದು ಪರದೆ ಮತ್ತೊಮ್ಮೆ ಕೇಳಿತು, ಮತ್ತೆ ಒತ್ತಿದಳು.

ಆಮೇಲೆ ಉಳಿದ ಪದಗಳ ಶೀರ್ಷಿಕೆಯಿಂದ ಧಾಟಿಯ ಸಾಲನ್ನು ಒಂದೊಂದಾಗಿ ತೆಗೆಯತೊಡಗಿದಳು. ಹಾಗೆ ಮಾಡು ಎಂದವನು ನಾನೇ. ಕಾಕಾ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಆ ಕೆಲಸ ಮುಗಿಯುವವರೆಗೆ ಒಳಗೆ ಬರಲಿಲ್ಲ.

ಚಾನೆಲ್ ಉಳಿದಿದೆ. ಮುಂದಿನ ವಾರ ತಂಗಿ ಫೋನಿನಲ್ಲಿ ಹೇಳಿದ್ದು: ಸೊನ್ನದ ಕಡೆಯ ಒಂದು ಊರಿನ ಭಜನೆಯವರು ತೊಟ್ಟಿಲ ಪದ ಕಾಣಿಸುತ್ತಿಲ್ಲವೆಂದು ಫೋನು ಮಾಡಿದ್ದರಂತೆ. ಅವರು ಅರ್ಧ ಮಾತ್ರ ಕಲಿತಿದ್ದರು. ಅವರ ಫೋನು ಬಂದಾಗ ತಂಗಿಯ ಒಲೆಯ ಮೇಲೆ ಪಲ್ಲೆ ಇತ್ತು. ತಂಗಿ ಫೋನನ್ನು ಕಿಟಕಿಯಲ್ಲಿ ನಿಲ್ಲಿಸಿ, ಉಳಿದರ್ಧವನ್ನು ತಾನೇ ಹಾಡಿದಳು. ಆ ಕಡೆಯಿಂದ ನಾಲ್ಕೈದು ಗಂಡು ದನಿಗಳು ಅವಳ ಹಿಂದೆ ಎತ್ತಿ ಹಾಡಿದವು.