ಕಪ್ಪುಗಟ್ಟಿದ ರೂಪಾಯಿ

ಹುಣಸೆಹಣ್ಣಿನಲ್ಲಿ ಬೆಳ್ಳಿ ತಿಕ್ಕುವ ಹುಳಿವಾಸನೆ ಬಂದಾಗಲೆಲ್ಲ, ಅಜ್ಜಿ ಬಾವಿಕಟ್ಟೆಯಲ್ಲಿ ಕೂತು ಆ ವಿಕ್ಟೋರಿಯಾ ರೂಪಾಯಿಯನ್ನು ಉಜ್ಜುತ್ತಿರುವುದು ನನಗೆ ಕಾಣುತ್ತದೆ. ಅದು ನಿಜವಾಗಿ ನಡೆಯಿತೋ, ನಾನೇ ಹೇಳಿ ಹೇಳಿ ಕಣ್ಣಿಗೆ ಕಟ್ಟಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಎಲ್ಲರ ಸಾಕ್ಷ್ಯವನ್ನೂ ಅನುಮಾನಿಸಲು ಕಲಿತ ನಾನು ನನ್ನದನ್ನು ಮಾತ್ರ ಬಹುಕಾಲ ಮುಟ್ಟದೆ ಬಿಟ್ಟಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ದೊಡ್ಡಪ್ಪ ಹಾನುಬಾಳಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಭಾನುವಾರ ಬೆಳಿಗ್ಗೆ ಹಳೆಯ ಬೆಳ್ಳಿ ನಾಣ್ಯಗಳ ಡಬ್ಬಿ ತೆಗೆದು ಕಿಟಕಿಯ ಬಳಿ ಕೂರುತ್ತಿದ್ದರು. ಕಾಫಿಬೀಜದ ದರ್ಜೆಗಳನ್ನೇ ನಾಣ್ಯಕ್ಕೂ ಹಾಕುತ್ತಿದ್ದರು: ಚೆನ್ನಾಗಿ ಉಳಿದದ್ದು ‘ಎ’, ತುಸು ಸವೆದದ್ದು ‘ಬಿ’, ಕೆಟ್ಟದ್ದು ‘ಬಿಟ್ಸ್’. ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ಬರೆಯುವ ಮೊದಲು ನನ್ನನ್ನೂ ಅತ್ತೆಯ ಮಗಳು ಗಿರಿಜೆಯನ್ನೂ ಕೇಳುತ್ತಿದ್ದರು. ನಾನು ಹೊಳೆಯುವುದನ್ನು ತೋರಿಸುತ್ತಿದ್ದೆ. ಅವಳು ಅಂಚನ್ನಷ್ಟೇ ಹಿಡಿದು, ಬೆಳಕಿಗೆ ಓರೆ ಮಾಡಿ, ರಾಣಿಯ ಕೆನ್ನೆಯನ್ನೂ ಉಡುಪಿನ ಕಸೂತಿಯನ್ನೂ ನೋಡುತ್ತಿದ್ದಳು. ಒಮ್ಮೆ ಕಪ್ಪುಗಟ್ಟಿದ ರೂಪಾಯಿಯೊಂದು ಬಂತು.

“ಇದು ಬಿಟ್ಸು,” ಎಂದೆ.

“ಮಾವ, ಕಸೂತಿ ಎಳೆ ಎಳೆಯಾಗಿ ಐತೆ. ಕಪ್ಪು ಬರೀ ಮೇಲಿಂದು. ಇದು ಎ,” ಎಂದಳು ಗಿರಿಜೆ.

ದೊಡ್ಡಪ್ಪ ನಕ್ಕುಬಿಟ್ಟರು. “ಕಣ್ಣು ಅಂದ್ರೆ ಇದು ಕಣೇ! ನಿನ್ ಮದುವೆಗೆ ಇದನ್ನೇ ಕೊಡ್ತೀನಿ.” ಆಮೇಲೆ ನನ್ನತ್ತ ತಿರುಗಿ, “ನೀನು ಸ್ಟೀಲ್ ಪಾತ್ರೆ ಅಂಗಡಿ ಇಡು ಮಾರಾಯ.”

ಆ ನಗುವಿಗಿಂತ ಹೆಚ್ಚು ಉರಿದದ್ದು, ಅವರು ತಮ್ಮ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟಾಗ. ನನಗೆ ಅದನ್ನು ಎಂದೂ ಕೊಟ್ಟಿರಲಿಲ್ಲ. ಆಮೇಲೆ ಊಟಕ್ಕೆ ಕೂತಾಗ ಅವಳ ತಟ್ಟೆಗೆ ಬಿದ್ದ ತುಪ್ಪವನ್ನೂ ಕಣ್ಣಲ್ಲೇ ಅಳೆಯುತ್ತಿದ್ದೆ.

ದೀಪಾವಳಿ ಬಂತು. ಬೆಳ್ಳಿ ದೀಪಗಳನ್ನು ಬೇಗ ಹೊಳೆಸಲು ನಾನು ವಿಭೂತಿ ಹಚ್ಚಹೋದಾಗ ಅಜ್ಜಿ ಕೈಗೆ ಹೊಡೆದರು. “ವಿಭೂತಿ ಹಣೆಗೆ ಕಣೋ, ತಿಕ್ಕಾಕಲ್ಲ! ಹುಣಸೆಹಣ್ಣು ಐತಲ್ಲ.” ಲಕ್ಷ್ಮೀಪೂಜೆಗೆ ಆ ಕಪ್ಪು ರೂಪಾಯಿಯನ್ನೇ ಕೇಳಿ ಪಡೆದು ಹಾಗೆಯೇ ದೇವರ ಮುಂದಿಟ್ಟರು. ಮರುದಿನ ಅದು ಹೊಸ ಚಮಚದಂತೆ ಫಳಫಳ ಎನ್ನುತ್ತಿತ್ತು. ದೊಡ್ಡಪ್ಪ ಓರೆ ಮಾಡಿ ನೋಡಿದರು. ಕಸೂತಿಯ ಮೇಲೆಲ್ಲ ಕೂದಲೆಳೆಯಂಥ ಗೀರುಗಳು. ಹಾಗೆ ತಿಕ್ಕಿದ ನಾಣ್ಯಕ್ಕೆ ಹುಟ್ಟುಹೊಳಪು ಮತ್ತೆ ಬರುವುದಿಲ್ಲ.

“ಯಾರು ತಿಕ್ಕಿದ್ದು?”

“ಅಜ್ಜಿ,” ಎಂದೆ.

ಅಜ್ಜಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. “ಉಜ್ಜಿರ್ಬೌದು ಕಣಪ್ಪ. ವಯಸ್ಸಾಯ್ತು, ನೆನಪಿಲ್ಲ.”

ದೊಡ್ಡಪ್ಪ ‘ಎ’ ಅಳಿಸಿ ‘ಬಿಟ್ಸ್’ ಎಂದು ಬರೆದರು. ಮತ್ತೆಂದೂ ಅಜ್ಜಿಯ ಪೂಜೆಗೆ ನಾಣ್ಯ ಕೊಡಲಿಲ್ಲ. ಬದುಕಿರುವವರೆಗೂ ಅಜ್ಜಿ ಅರಿಶಿನದ ಕೊಂಬಿಟ್ಟೇ ಲಕ್ಷ್ಮಿಯನ್ನು ಪೂಜಿಸಿದರು.

ಈಗ ಅಜ್ಜಿ, ದೊಡ್ಡಪ್ಪ ಇಬ್ಬರೂ ಇಲ್ಲ. ನಾವಿದ್ದ ಮನೆ ಗೊಬ್ಬರದ ಸ್ಟೋರ್ ಆಗಿದೆ. ಹೋದ ತಿಂಗಳು ಸಕಲೇಶಪುರದಲ್ಲಿ ಗಿರಿಜೆಯ ಮನೆಗೆ ಹೋಗಿ ಆ ರೂಪಾಯಿಯನ್ನು ಕೇಳಿದೆ. ಮದುವೆಯಲ್ಲಿ ಬಂದದ್ದು, ಅದೇ ಪೊಟ್ಟಣದಲ್ಲಿತ್ತು.

“ಅಂಚು ಹಿಡ್ಕೊಳೋ, ಈಗಲಾದ್ರೂ,” ಎಂದು ನಕ್ಕು ದೊಡ್ಡಪ್ಪನ ಭೂತಗನ್ನಡಿ ಕೊಟ್ಟಳು. ಅದೂ ಅವಳಲ್ಲೇ ಇತ್ತೆಂದು, ಈ ವಯಸ್ಸಿನಲ್ಲೂ, ಒಂದು ಕ್ಷಣ ಹೊಟ್ಟೆ ಉರಿಯಿತು. ಕಿಟಕಿಗೆ ಓರೆ ಮಾಡಿದೆ. ರಾಣಿಯ ಕಿರೀಟದ ಸಂದಿಯಲ್ಲಿ ಬಿಳಿಯದೇನೋ ಕೂತಿತ್ತು. ಗುಂಡುಸೂಜಿಯಿಂದ ಕೆದಕಿ, ಬೆರಳ ತುದಿಯಲ್ಲಿ ಹೊಸಕಿ, ಮೂಸಿ ನೋಡಿದೆ.

ವಿಭೂತಿ.