ಟೋಪಿಗೆ ಬಳಿದ ಖಿಜಾಬು

ತಲೆಗೆ ಬಣ್ಣ ಹಚ್ಚುತ್ತಿದ್ದೆ ಎಂದು ಒಪ್ಪಿಕೊಳ್ಳಲು ನನಗೀಗ ನಾಚಿಕೆಯಿಲ್ಲ, ಕೂದಲೇ ಉಳಿದಿಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಲವತ್ತಕ್ಕೇ ನೆರೆತು, ಬೀದರಿನಿಂದ ಖಿಜಾಬು ತರಿಸಿ ಕೂದಲು ಕಪ್ಪಾಗಿಸಿಕೊಂಡೆ. ಎರಡು ಸಲ ಯೌವನ ಬಂತು. ಮೂರನೆಯ ಸಲ ಮುಖ ಕುಂಬಳಕಾಯಿಯಾಗಿ ಕಣ್ಣು ಮುಚ್ಚಿಹೋದವು.

"ಈ ಬಣ್ಣದಾಗಿನ ಔಷಧ ನಿಮ್ಮ ಚರ್ಮಕ್ಕ ಆಗಿಬರಂಗಿಲ್ರಿ. ಅದು ಎಲ್ಲೇ ಇರ್ಲಿ, ಮುಟ್ಟಬ್ಯಾಡ್ರಿ," ಎಂದರು ಡಾಕ್ಟರು.

ಮುಟ್ಟಲಿಲ್ಲ. ಮದುವೆಮನೆಯ ಕರಿ ಮೆಹಂದಿ ಬಿಟ್ಟೆ, ಕರಿ ಶೇರವಾನಿ ಬಿಟ್ಟೆ, ಕರಿಬೇವನ್ನೂ ಅನುಮಾನದಿಂದ ನೋಡತೊಡಗಿದೆ. ಆದರೂ ಹಣೆಯ ಸುತ್ತ ತುರಿಕೆ ಹೋಗಲಿಲ್ಲ. ನಾವು ದೂರವಿಡಬೇಕೆಂದುಕೊಂಡ ವಸ್ತು ಹುಡುಕಿದಲ್ಲಿ ಇರುವುದಿಲ್ಲ ನೋಡಿ, ತಲೆಯ ಮೇಲೆಯೇ ಕುಳಿತಿರುತ್ತದೆ. ಮಿಕ್ಕ ಖಿಜಾಬು ಚೆಲ್ಲಲು ಮನಸ್ಸು ಬಾರದೆ, ಬಣ್ಣಗೆಟ್ಟ ಕಚೇರಿ ಟೋಪಿಗೆ ನಾನೇ ಬಳಿದಿದ್ದೆ!

ಬರಿತಲೆಯಲ್ಲಿ ಕಚೇರಿಗೆ ಹೋಗುವಂತಿರಲಿಲ್ಲ. ಹೆಂಡತಿ ಹಳೆಯ ಧೋತರ ಹರಿದು ಬಿಳಿ ಟೋಪಿ ಹೊಲಿದಳು. ರಜಾಕಾರರ ಕಾಲವದು, ಬಿಳಿ ಟೋಪಿಯೆಂದರೆ ಕಾಂಗ್ರೆಸ್ಸು, ಕಾಂಗ್ರೆಸ್ಸೆಂದರೆ ಜೈಲು. ಹೆದರಿ ತಹಸೀಲ್ದಾರರಿಗೆ ಉರ್ದುವಿನಲ್ಲಿ ಅರ್ಜಿ ಬರೆದೆ: ಇದು ತುರಿಕೆಗಾಗಿ ಹಾಕಿದ ಟೋಪಿ, ನಾನು ಸರಕಾರದ ನಂಬಿಗಸ್ತ ನೌಕರ. ಅವರು ಹಣೆಯ ಗುಳ್ಳೆ ನೋಡಿ ನಕ್ಕು ಬಿಟ್ಟುಬಿಟ್ಟರು.

ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಇಡೀ ಕಚೇರಿಗೇ ತುರಿಕೆ ಹತ್ತಿತೋ ಎಂಬಂತೆ ಅದೇ ವಾರ ಎಲ್ಲರ ತಲೆಯ ಮೇಲೂ ಬಿಳಿ ಟೋಪಿ. ಹೊಸ ಸಾಹೇಬರು ಧಾರವಾಡದ ಕಡೆಯವರು, ಉರ್ದು ಬಾರದು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಕಡತ ತೆಗೆಸಿದವರು ನನ್ನ ಅರ್ಜಿಯನ್ನು ನನ್ನಿಂದಲೇ ಓದಿಸಿದರು. ನೌಕರಿ ಹೋಯಿತೆಂದುಕೊಂಡು, ಬೆವರುತ್ತ, ಒಂದಕ್ಷರ ಬಿಡದೆ ಅರ್ಥ ಹೇಳಿದೆ.

"ಭಲೇ! ರಜಾಕಾರರ ಕಣ್ಣಿಗೆ ಮಣ್ಣೆರಚಲಿಕ್ಕೆ ಎಂಥಾ ರೋಗದ ನೆವಾ ಹುಡುಕೀರಿ!" ಎಂದರು. ನಿಜಾಮರ ವಿರುದ್ಧ ಹೋರಾಡಿದವರ ಸನ್ಮಾನದ ಯಾದಿಯಲ್ಲಿ ನನ್ನದೇ ಮೊದಲ ಹೆಸರು. ನಾನು ಕೈ ಮುಗಿದು ಒಪ್ಪಿಕೊಂಡೆ.

ಮನೆಗೆ ಬಂದು ಹಿಗ್ಗಿನಿಂದ ಹೇಳಿದರೆ ಹೆಂಡತಿ ಹಿಗ್ಗಲಿಲ್ಲ. "ರೋಗ ಸುಳ್ಳಂದ್ರ, ಕಣ್ಣು ಮುಚ್ಚಿ ಬಿದ್ದಾಗ ಮೂರು ದಿವಸ ಗಂಜಿ ಕುಡಿಸಿದಾಕಿ ನಾನೂ ಸುಳ್ಳೇನ್ರಿ? ಡಾಬಕಾ ಊರಾಗ ನಮ್ಮಣ್ಣ ಖರೇನ ಬಿಳಿ ಟೋಪಿ ಹಾಕ್ಕೊಂಡು ಜೈಲಿಗೆ ಹೋಗಿ ಬಂದಾನ. ಅವನ ಮುಂದ ಹ್ಯಾಂಗ ಹಾರ ಹಾಕ್ಕೋತೀರಿ?"

ನಾಚಿಕೆಯಾಯಿತು. ಮರುದಿನ ಸಾಹೇಬರಿಗೆ ತುರಿಕೆ ನಿಜವೆಂದು ಆಣೆಯಿಟ್ಟು ಹೇಳಿ, ನನ್ನ ಹೆಸರು ತೆಗೆಯಿರಿ ಎಂದು ಬೇಡಿಕೊಂಡೆ. ಇಂಥ ವಿನಯ ಎಲ್ಲೂ ಕಂಡಿಲ್ಲವೆಂದು ಅವರು ಎರಡು ಹಾರ ಹಾಕಿಸಿದರು. ಎರಡನ್ನೂ ಹೊತ್ತು ಮನೆಗೆ ಬಂದು ಊಟಕ್ಕೆ ಕುಳಿತರೆ, ಆಕೆ ಮತ್ತೆ ಅದೇ ಗಂಜಿ ಬಡಿಸಿದಳು.