ಸೀಲಪ್ಪನವರ ಕಾರಿನ ಸೋರಿಕೆ

ಸೀಲಪ್ಪ ಎನ್ನುವುದು ಅವರ ನಿಜವಾದ ಹೆಸರಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ತಕ್ಕಡಿಗಳಿಗೂ ಪೆಟ್ರೋಲ್ ಬಂಕಿನ ಮೀಟರುಗಳಿಗೂ ತಂತಿ ಕಟ್ಟಿ, ಸೀಸದ ಮುದ್ರೆ ಒತ್ತುತ್ತ ತಿರುಗಿದವರಿಗೆ ಅಂಗಡಿಯವರು ಬೆನ್ನ ಹಿಂದೆ ಇಟ್ಟ ಹೆಸರು ಅದು. ನಿವೃತ್ತರಾದ ದಿನ ಕಚೇರಿಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಇವರು ಬಾಯಿಬಿಟ್ಟು ಕೇಳಿ ತಂದದ್ದು ಮಾತ್ರ ಹಳೆಯ ಮುದ್ರೆ ಇಕ್ಕಳವನ್ನೂ ತಾಮ್ರದ ತಂತಿಯ ಒಂದು ಸುರುಳಿಯನ್ನೂ. "ಇದ್ಯಾಕ್ರೀ ಮನೆಗೆ?" ಎಂದು ಹೆಂಡತಿ ಕೇಳಿದರೆ, "ಇರ್ಲಿ ಬಿಡು, ಯಾವ ಹೊತ್ತಿಗೆ ಏನು ಬೇಕಾಗುತ್ತೋ" ಎಂದರು. ತಿಂಗಳು ತುಂಬುವುದರೊಳಗೆ ಸಕ್ಕರೆ ಡಬ್ಬಿಗೆ ಮುದ್ರೆ ಬಿದ್ದಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ಹುಟ್ಟುಗುಣವೋ ನೌಕರಿಯ ಗುಣವೋ ಹೇಳುವುದು ಕಷ್ಟ. ಬೇರೆಯವರು ಮೊಸರಿನಲ್ಲಿ ಕಲ್ಲು ಹುಡುಕುತ್ತಾರೆ. ಇವರು ಹುಡುಕಿ, ಸಿಗದಿದ್ದರೆ, ಆ ಕಲ್ಲನ್ನು ಯಾರು ತೆಗೆದರು ಎಂದು ವಿಚಾರಣೆ ಶುರುಮಾಡುತ್ತಿದ್ದರು. ಅವರು ಹಿಡಿದ ಕಳ್ಳರಲ್ಲೆಲ್ಲ ಅವರಿಗೆ ಅಚ್ಚುಮೆಚ್ಚಿನವನು ಒಬ್ಬ ಮೊಳೆ ವ್ಯಾಪಾರಿ. ತಕ್ಕಡಿಯ ತಟ್ಟೆಯ ಕೆಳಗೆ ತೆಳ್ಳನೆಯ ತಂತಿ ಸೇರಿಸಿ ವರ್ಷಗಟ್ಟಲೆ ಮೋಸ ಮಾಡಿದ್ದ. ಸೀಲಪ್ಪ ಹೋಗುವಷ್ಟರಲ್ಲಿ ತಂತಿಯನ್ನು ನುಂಗಿದನೋ ಏನೋ, ಸಿಗಲಿಲ್ಲ. ಆದರೆ ತಟ್ಟೆಯಡಿಯ ರಬ್ಬರಿನ ಮೇಲೆ ಅದು ಒತ್ತಿದ ಗೆರೆ ಸಿಕ್ಕಿತು. "ತಂತಿ ಓಡಿಹೋಗ್ಬಹುದು ಕಣಯ್ಯಾ, ಗೆರೆ ಎಲ್ಲಿಗೆ ಓಡುತ್ತೆ?" ಎಂದು ಪ್ರತಿ ಭಾನುವಾರ ಊಟದ ಹೊತ್ತಿಗೆ ಅವರು ಹೇಳುವರು, ಎದುರಿಗೆ ಕುಳಿತ ಭಾವಮೈದುನ ಮೊದಲ ಸಲ ಕೇಳುವವನಂತೆ ತಲೆದೂಗುವನು.

ಈ ಭಾವಮೈದುನನೇ ಕಾರಿನ ಮೆಕ್ಯಾನಿಕ್ಕು. ತಾಯಿ ತೀರಿಕೊಂಡಾಗ ಒಂಬತ್ತು ವರ್ಷದವನನ್ನು ಅಕ್ಕನೇ ಎತ್ತಿ ಬೆಳೆಸಿದ್ದು. ಮದುವೆಯಾಗಲಿಲ್ಲ, ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ವಾಸ. ಇಪ್ಪತ್ತೆರಡು ವರ್ಷದಿಂದ ಭಾನುವಾರದ ಊಟ ಅಕ್ಕನ ಮನೆಯಲ್ಲೇ, ಒಂದು ವಾರವೂ ತಪ್ಪಿದ್ದಿಲ್ಲ. ವಾರದ ಆರು ದಿನ ಸೀಲಪ್ಪನವರೊಂದಿಗೆ ಏಗುವ ಶಕ್ತಿ ಹೆಂಡತಿಗೆ ಬರುತ್ತಿದ್ದುದು ಈ ಏಳನೆಯ ದಿನದಿಂದ.

ಕಾರು ಇಪ್ಪತ್ತಾರು ವರ್ಷದ್ದು. ಬೇಸಿಗೆಯ ಒಂದು ಬೆಳಿಗ್ಗೆ ಸಂತೆಬೀದಿಯ ಏರಿನಲ್ಲಿ ಬಿಸಿಯಾಗಿ ಹಬೆ ಕಾರಿತು. ಭಾವಮೈದುನ ಬಂದು ನೋಡಿ, ನೀರು ತಿರುಗಿಸುವ ಪಂಪು ಸೋರುತ್ತಿದೆ ಎಂದು ಹೊಸದು ಹಾಕಿದ. ರೇಡಿಯೇಟರಿಗೆ ಎಂಜಿನ್ ತಣಿಸುವ ಹಸಿರು ಕೂಲಂಟ್ ತುಂಬಿ, ಕೈ ಒರೆಸಿಕೊಂಡು, "ಇನ್ನು ಒಂದು ಹನಿನೂ ಸೋರಲ್ಲ ಭಾವ" ಎಂದ.

ಅಷ್ಟು ಹೇಳದಿದ್ದರೆ ಚೆನ್ನಾಗಿತ್ತು. ಇಷ್ಟು ಖಚಿತವಾಗಿ ಮಾತಾಡುವವರನ್ನು ಸೀಲಪ್ಪ ಜನ್ಮದಲ್ಲಿ ನಂಬಿದವರಲ್ಲ. ಭಾವಮೈದುನ ಗೇಟು ದಾಟಿದ ಕೂಡಲೇ ಇಕ್ಕಳ, ತಂತಿ ತಂದರು. ರೇಡಿಯೇಟರಿನ ಮುಚ್ಚಳ ತೆಗೆದು, ತಮ್ಮ ಹಿತ್ತಾಳೆಯ ಅಳತೆಕಡ್ಡಿ ಅದ್ದಿ ಮಟ್ಟ ಬರೆದುಕೊಂಡರು. ಆಮೇಲೆ ಮುಚ್ಚಳ ಹಾಕಿ ಮುದ್ರೆ ಒತ್ತಿದರು. ಮುದ್ರೆ ಒತ್ತುವುದರಲ್ಲಿ ಅವರದೇ ಒಂದು ಪದ್ಧತಿಯಿತ್ತು. ಬೇರೆ ಅಧಿಕಾರಿಗಳು ತಂತಿಯನ್ನು ಮುಚ್ಚಳದ ಮೇಲೆ ಸುತ್ತುತ್ತಿದ್ದರು. ಮೇಲೆ ಸುತ್ತಿದ್ದನ್ನು ಕಳ್ಳ ಮೆಲ್ಲಗೆ ಸರಿಸಿಬಿಡುತ್ತಾನೆ ಎಂದು ಇವರು ಮುಚ್ಚಳದ ಅಡಿಯಿಂದಲೇ ಹಾಯಿಸಿ ಎರಡೂ ತುದಿ ಹೊರಗೆ ತಂದು ಸೀಸ ಒತ್ತುತ್ತಿದ್ದರು. ಆ ಮುದ್ರೆಯನ್ನು ಮುರಿಯದೆ ತೆಗೆದ ಭೂಪ ಇನ್ನೂ ಹುಟ್ಟಿರಲಿಲ್ಲ. ಕಾರಿನಡಿ ಒಂದು ರಟ್ಟು ಹಾಸಿದರು, ಹನಿ ಬಿದ್ದರೆ ತಿಳಿಯಲಿ ಎಂದು.

ನಾಲ್ಕನೆಯ ದಿನ ಮುದ್ರೆ ಮುರಿದು ಕಡ್ಡಿ ಅದ್ದಿದರೆ ಎರಡು ಬೆರಳು ಕಡಿಮೆ. ರಟ್ಟು ನೋಡಿದರೆ ಒಣಒಣ. ಮುದ್ರೆಯನ್ನು ಮುರಿಯುವ ಮೊದಲೇ ಭೂತಗನ್ನಡಿ ಹಿಡಿದು ನೋಡಿದ್ದರು, ಯಾರೂ ಮುಟ್ಟಿರಲಿಲ್ಲ. ಮೇಲಿನಿಂದ ಯಾರೂ ತೆಗೆದಿಲ್ಲ, ಕೆಳಗೆ ಬಿದ್ದಿಲ್ಲ, ಆದರೂ ಮಾಲು ಮಾಯ.

ಮೊದಲ ಅನುಮಾನ ಎದುರುಮನೆಯ ಸಂಗೀತದ ಮೇಷ್ಟ್ರ ಮೇಲೆ. ಅವರ ಹತ್ತಿರವೂ ಅಂಥದೇ ಮುದಿ ಕಾರಿತ್ತು, ಅವರ ಗೇಟಿನ ಬುಡದಲ್ಲಿ ಹಸಿರು ಕಲೆಯಿತ್ತು. ಸೀಲಪ್ಪ ವಾಯುವಿಹಾರದ ನೆಪದಲ್ಲಿ ಹೋಗಿ, ಬಗ್ಗಿ, ಕಲೆಯನ್ನು ಬೆರಳಿನಿಂದ ಕೆರೆದು ಮೂಸಿದರು.

"ಪಾಚಿ ಸಾರ್ ಅದು. ಬೇಕಿದ್ರೆ ತಗೊಂಡ್ಹೋಗಿ" ಎಂದರು ಮೇಷ್ಟ್ರು, ಕಿಟಕಿಯಿಂದ.

ಎರಡನೆಯ ಅನುಮಾನ ಹೆಂಡತಿಯ ಮೇಲೆ ಹೋಗುವುದರಲ್ಲಿತ್ತು. ಅವರ ಕಣ್ಣು ಗಿಡಕ್ಕೆ ನೀರು ಹಾಕುವ ಡಬ್ಬಿಯ ಮೇಲೆ ಬಿದ್ದದ್ದನ್ನು ಆಕೆ ನೋಡಿ, "ಹೂಂ, ನಾನೇ ಕುಡಿದೆ. ಬರ್ಕೊಳ್ಳಿ" ಎಂದಳು. ಹೀಗೆ ಎರಡು ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಗ್ಯಾರೇಜು ಒಂದೇ.

ಭಾವಮೈದುನ ಬೇಸರಿಸದೆ ಪರೀಕ್ಷೆ ಮಾಡಿದ. ಮುಚ್ಚಳ ತೆಗೆದು ಆ ಜಾಗಕ್ಕೆ ಕೈಪಂಪು ಕೂರಿಸಿ, ಒಳಗೆ ಗಾಳಿಯ ಒತ್ತಡ ತುಂಬಿಸಿದ. ಎಲ್ಲಾದರೂ ತೂತಿದ್ದರೆ ಪಂಪಿನ ಮೀಟರಿನ ಮುಳ್ಳು ಇಳಿಯಬೇಕು. ಅರ್ಧ ಗಂಟೆ ಇಬ್ಬರೂ ಮುಳ್ಳಿನ ಮೇಲೆ ಕಣ್ಣಿಟ್ಟು ಕುಳಿತರು. ಅದು ಕದಲಲಿಲ್ಲ. "ನೋಡಿ ಭಾವ, ಗಟ್ಟಿಯಾಗಿದೆ" ಎಂದ. ಸೀಲಪ್ಪ ಕಾರು ಮನೆಗೆ ತಂದರು, ಮಟ್ಟ ಬರೆದುಕೊಂಡರು, ಮುಚ್ಚಳ ಹಾಕಿದರು, ಅಡಿಯಿಂದ ತಂತಿ ಹಾಯಿಸಿ ಮುದ್ರೆ ಒತ್ತಿದರು. ನಾಲ್ಕು ದಿನಕ್ಕೆ ಮತ್ತೆ ಎರಡು ಬೆರಳು ಕಡಿಮೆ.

ಅವತ್ತು ಅವರ ಪಿತ್ತ ನೆತ್ತಿಗೇರಿತು. ಗ್ಯಾರೇಜಿನಲ್ಲಿ ಮೂವರು ಗಿರಾಕಿಗಳು ನಿಂತಿದ್ದರು. ಅವರು ಹೋಗುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ.

"ಹೊಸ ಪಂಪ್ ಹಾಕ್ದೆ ಅಂದ್ಯಲ್ಲ, ಹಳೇದು ಎಲ್ಲಿ? ತೋರ್ಸು."

"ಗುಜರಿಗೆ ಹೋಯ್ತು ಭಾವ. ಯಾಕೆ?"

"ಹಳೇದಕ್ಕೇ ಬಣ್ಣ ಬಳಿದು ಕೂರ್ಸಿಲ್ಲ ಅಂತ ಏನು ಗ್ಯಾರಂಟಿ? ನಾನು ಮೂವತ್ತೊಂದು ವರ್ಷ ನಿಮ್ಮಂಥೋರನ್ನ ನೋಡ್ದೋನು."

ನಾಲಿಗೆಗೆ ಎಲುಬಿಲ್ಲ. ಭಾವಮೈದುನ ಗಿರಾಕಿಗಳ ಮುಖ ನೋಡಿದ, ಆಮೇಲೆ ನೆಲ ನೋಡಿದ. ಮತ್ತೊಮ್ಮೆ ಕೈಪಂಪು ತಂದು ಪರೀಕ್ಷೆ ಮಾಡಿದ. ಮುಳ್ಳು ಈ ಸಲವೂ ಕದಲಲಿಲ್ಲ. ತೆಗೆದಿಟ್ಟಿದ್ದ ಮುಚ್ಚಳವನ್ನು ಕೈಗೆತ್ತಿಕೊಂಡು ತಿರುಗಿಸಿ, ಒಂದು ಗಳಿಗೆ ದಿಟ್ಟಿಸಿ, ಭಾವನ ಕೈಗಿಟ್ಟ. "ತಗೊಂಡ್ಹೋಗಿ ಭಾವ" ಎಂದಷ್ಟೇ ಹೇಳಿ ಒಳಗೆ ಹೋದ.

ಆ ಭಾನುವಾರ ಅವನು ಊಟಕ್ಕೆ ಬರಲಿಲ್ಲ. ಹೆಂಡತಿ ಮೂರು ತಟ್ಟೆ ಇಟ್ಟು, ಎರಡೂವರೆಯವರೆಗೆ ಕಾದು, ಒಂದನ್ನು ತೆಗೆದು ತೊಳೆದಿಟ್ಟಳು, ಅದರಲ್ಲಿ ಯಾರೂ ಉಂಡಿರದಿದ್ದರೂ. ಅಳಲಿಲ್ಲ, ಜಗಳ ಮಾಡಲಿಲ್ಲ. "ಅವ್ನು ಈ ಮನೆಗೆ ಬರೋವರೆಗೂ ನಾನು ಆ ಕಾರು ಹತ್ತಲ್ಲ" ಎಂದಳು. ಮರುದಿನದಿಂದ ಸಂತೆಗೆ ನಡೆದೇ ಹೋದಳು. ಮೊಣಕಾಲು ನೋವಿನವಳು ಎರಡು ಕೈಯಲ್ಲೂ ಚೀಲ ಹಿಡಿದು ಏರು ಹತ್ತುವುದನ್ನು ಸೀಲಪ್ಪ ಕಿಟಕಿಯಿಂದ ನೋಡಿದರು. ಆದರೂ, ತಪ್ಪು ಮಾಡದವನು ಬಾರದೆ ಯಾಕೆ ಅಡಗಬೇಕು ಎಂದು ಮನಸ್ಸು ವಾದ ಹೂಡಿತು. ಸಂಶಯದ ಬುದ್ಧಿಗೆ ಕಾರಣಗಳ ಬರವೇ?

ಇನ್ನೊಂದು ಭಾನುವಾರವೂ ಹೀಗೆಯೇ ಹೋಯಿತು. ಸೋಮವಾರ ಕೂಲಂಟ್ ತುಂಬಿ ಮುದ್ರೆ ಒತ್ತಲು ಹೋದರೆ ತಂತಿಯ ಸುರುಳಿ ಇಲ್ಲ. ಮೇಜಿನ ಖಾನೆ, ಅಟ್ಟ, ಹಾಸಿಗೆಯಡಿ ಎಲ್ಲ ಜಾಲಾಡಿದರು.

"ಸುರುಳಿ ಎಲ್ಲೇ?"

"ನನ್ನನ್ನ ಕೇಳ್ಬೇಡಿ" ಎಂದಳು ಹೆಂಡತಿ, ಬಟ್ಟೆ ಮಡಿಸುತ್ತ.

ಗೊತ್ತಿಲ್ಲ ಎನ್ನುವುದಕ್ಕೂ ಕೇಳಬೇಡಿ ಎನ್ನುವುದಕ್ಕೂ ಇರುವ ಅಂತರ ಸೀಲಪ್ಪನವರಿಗೆ ತಿಳಿಯದ್ದೇನಲ್ಲ. ಬೇರೆ ತಂತಿ ಕೊಳ್ಳೋಣವೆಂದರೆ ಅಂಗಡಿಯ ತಂತಿ ಅವರಿಗೆ ಹಿಡಿಸದು. ಬರಿಯ ಮುಚ್ಚಳ ತಿರುಗಿಸಿ, ಮಟ್ಟ ಬರೆದುಕೊಂಡು ಬಿಟ್ಟರು. ನಾಲ್ಕು ದಿನ ಓಡಿಸಿ ಶುಕ್ರವಾರ ಬೆಳಿಗ್ಗೆ ಕಡ್ಡಿ ಅದ್ದಿದರು. ಮಟ್ಟ ಹಾಗೆಯೇ ಇತ್ತು. ಒರೆಸಿ ಮತ್ತೆ ಅದ್ದಿದರು. ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಮೊದಲು ಗೆಲುವಾಯಿತು. ಕಳ್ಳ ಹೆದರಿದ್ದಾನೆ! ಆದರೆ ಯಾವ ಕಳ್ಳ, ಮುದ್ರೆ ಇದ್ದಾಗ ಕದ್ದು, ಮುದ್ರೆ ಇಲ್ಲದಾಗ ಬಿಡುತ್ತಾನೆ? ಕೈಯಲ್ಲಿದ್ದ ಮುಚ್ಚಳವನ್ನು ಅವರು ಮೆಲ್ಲಗೆ ತಿರುಗಿಸಿ ನೋಡಿದರು. ಒಳಮೈಯಲ್ಲಿ ಒಂದು ರಬ್ಬರಿನ ಬಿಲ್ಲೆ. ಬಿಲ್ಲೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ. ತೆಳ್ಳನೆಯ, ನೇರವಾದ ಗೆರೆ. ಅದರ ಪಕ್ಕ ಹಸಿರು ಹುಡಿ ಒಣಗಿ ಅಂಟಿತ್ತು.

ಅಳತೆ ನೋಡುವ ಅಗತ್ಯವೇ ಇರಲಿಲ್ಲ. ಆ ತಂತಿಯ ದಪ್ಪ ಅವರ ಬೆರಳುಗಳಿಗೆ ಮೂವತ್ತೊಂದು ವರ್ಷದಿಂದ ಗೊತ್ತು. ತಂತಿಯಡಿಯ ಸಂದಿನಿಂದ, ಎಂಜಿನ್ ಬಿಸಿಯಾದಾಗಲೆಲ್ಲ, ಕೂಲಂಟ್ ಹಬೆಯಾಗಿ ಹೋಗಿತ್ತು. ರಟ್ಟಿನ ಮೇಲೆ ಹನಿ ಬೀಳುವುದಾದರೂ ಹೇಗೆ? ಗ್ಯಾರೇಜಿನ ಪರೀಕ್ಷೆಯಲ್ಲಿ ಸಿಗುವುದಾದರೂ ಹೇಗೆ? ಕೈಪಂಪು ಕೂರುತ್ತಿದ್ದುದೇ ಮುಚ್ಚಳ ತೆಗೆದಿಟ್ಟ ಮೇಲೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸೀಲಪ್ಪ ಬಾನೆಟ್ಟಿಗೆ ಒರಗಿ ನಿಂತರು. ನಾಚಿಕೆಯೆಂದರೆ ಹೀಗೆ ಕಿವಿ ಬಿಸಿಯಾಗುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ; ಇಷ್ಟು ವರ್ಷ ಅದನ್ನು ಬೇರೆಯವರ ಕಿವಿಗಳಲ್ಲಿ ಮಾತ್ರ ನೋಡಿದ್ದರು.

ಗ್ಯಾರೇಜಿಗೆ ಹೋದಾಗ ಮತ್ತೆ ಗಿರಾಕಿಗಳಿದ್ದರು, ಇಬ್ಬರು. ಅವರು ಹೋಗಲಿ ಎಂದು ಕಾಯಬಹುದಿತ್ತು. ಈ ಸಲವೂ ಕಾಯಲಿಲ್ಲ. ಮುಚ್ಚಳವನ್ನು ಭಾವಮೈದುನನ ಮುಂದೆ ಹಿಡಿದರು.

"ಪಂಪಿನ ತಪ್ಪಲ್ಲಪ್ಪ. ನಿನ್ನ ತಪ್ಪೂ ಅಲ್ಲ. ನಂದು. ನನ್ನ ತಂತಿ." ಧ್ವನಿ ಅವರಿಗೇ ಅಪರಿಚಿತವಾಗಿತ್ತು. "ಇಲ್ನೋಡು, ಗೆರೆ."

ಭಾವಮೈದುನ ನೋಡಲಿಲ್ಲ. "ಗೊತ್ತು ಭಾವ" ಎಂದ.

"ಗೊತ್ತಾ? ಯಾವತ್ತಿಂದ?"

"ಎರಡ್ನೇ ಸಲ ಟೆಸ್ಟ್ ಮಾಡ್ದಾಗ್ಲೇ ನೋಡ್ದೆ."

"ಮತ್ತೆ ಬಾಯಿಬಿಟ್ಟು ಹೇಳೋದಲ್ವೇನೋ!"

"ಹೇಳಿದ್ರೆ ನಂಬ್ತಿದ್ರಾ ನೀವು?"

ಸೀಲಪ್ಪ ಬಾಯಿ ತೆರೆದರು. ಅವತ್ತೇ ಹೇಳಿದ್ದರೆ, ತನ್ನ ತಪ್ಪು ಮುಚ್ಚಿಕೊಳ್ಳಲು ನನ್ನ ತಂತಿಯ ಮೇಲೆ ಹಾಕುತ್ತಾನೆ ಅನ್ನುತ್ತಿದ್ದರು. ಆ ಗೆರೆಯನ್ನು ಅವನೇ ಕೊರೆದ ಅನ್ನುತ್ತಿದ್ದರು. ಇನ್ನೂ ಏನೇನು ಅನ್ನುತ್ತಿದ್ದರೋ, ಎಲ್ಲವೂ ಪದಪದವಾಗಿ ಕಿವಿಯಲ್ಲಿ ಕೇಳಿಸಿತು. ಕಣ್ಣು ಎಲ್ಲಿಡುವುದೆಂದು ತಿಳಿಯದೆ ಗೋಡೆಯತ್ತ ನೋಡಿದರೆ, ಸ್ಪ್ಯಾನರುಗಳ ಸಾಲಿನ ಕೊನೆಯ ಮೊಳೆಗೆ ಅವರ ತಾಮ್ರದ ಸುರುಳಿ ನೇತಾಡುತ್ತಿತ್ತು.

"ಅಕ್ಕಂಗೆ ಫೋನಲ್ಲಿ ಹೇಳಿದ್ದೆ. ಭಾನುವಾರ ಸಂಜೆ ನಡ್ಕೊಂಡು ಬಂದು ಕೊಟ್ಟುಹೋದ್ಲು" ಎಂದ ಭಾವಮೈದುನ. "ತಂತಿ ಇಲ್ದಿದ್ರೆ ಅವರೇ ಕಂಡ್ಕೋತಾರೆ, ಕಂಡ್ಕೊಂಡ್ರೆ ಅವರೇ ಬರ್ತಾರೆ ಅಂದ್ಲು. ನೀವು ಬರಲ್ಲ ಅಂತ ನಾನು ಅಂದಿದ್ದೆ." ಸುರುಳಿಯತ್ತ ಕೈತೋರಿಸಿ, "ತಗೊಂಡ್ಹೋಗ್ತೀರಾ?" ಎಂದ.

ಆ ಮೊಣಕಾಲಿನಲ್ಲಿ ಅಷ್ಟು ದೂರ ನಡೆದು ಬಂದಿದ್ದಳು, ಗಂಡ ತಾನಾಗಿ ಬರುತ್ತಾನೆಂದು ನಂಬಿ.

"ಅಲ್ಲೇ ಇರ್ಲಿ" ಎಂದರು ಸೀಲಪ್ಪ.

ಭಾವಮೈದುನ ಕಪಾಟಿನಿಂದ ಹೊಸ ಮುಚ್ಚಳ ತೆಗೆದ. "ಭಾನುವಾರ ಮೂರು ತಟ್ಟೆ ಇಡೋಕೆ ಹೇಳಿ ಅಕ್ಕಂಗೆ. ಮೊಳೆಯವನ ಕಥೆ ಮಾತ್ರ ಬೇಡ ಭಾವ, ಈ ವಾರ" ಎಂದು ಕಾರಿನ ಕಡೆ ನಡೆದ.

ಸೀಲಪ್ಪ ಎಂದಿನಂತೆ ಬಾನೆಟ್ಟಿನ ಪಕ್ಕ ಹೋಗಿ ನಿಲ್ಲಲು ಎರಡು ಹೆಜ್ಜೆ ಇಟ್ಟರು. ಆಮೇಲೆ ನಿಂತು, ಬಾಗಿಲ ಬಳಿಯ ಸ್ಟೂಲನ್ನು ಬೀದಿಯ ಕಡೆ ತಿರುಗಿಸಿ ಕುಳಿತರು. ಬೆನ್ನ ಹಿಂದೆ ಬಾನೆಟ್ಟು ತೆರೆದ ಸದ್ದು, ಮುಚ್ಚಳ ಎರಡು ಸಲ ಕಿರುಗುಟ್ಟಿ ಕೂತ ಸದ್ದು. ಕುತ್ತಿಗೆ ತಾನಾಗಿ ತಿರುಗಲು ನೋಡಿತು. ಅವರು ಎರಡೂ ಕೈಗಳಿಂದ ಸ್ಟೂಲಿನ ಅಂಚನ್ನು ಹಿಡಿದುಕೊಂಡು, ಬೀದಿಯನ್ನೇ ನೋಡುತ್ತ ಕುಳಿತರು.